ಎರಡು ಬಣ್ಣದ ಕಾಲುಗಳ ಪ್ಯಾಂಟು

ವಾಷಿಂಗ್ ಘಟಕದಿಂದ ಮರಳಿ ಬಂದ ಮೂಟೆಯನ್ನು ಬಿಚ್ಚಿದಾಗ ಮೊದಲು ಕೈಗೆ ಸಿಕ್ಕ ಪ್ಯಾಂಟಿನ ಎಡಗಾಲು ಗಾಢ ನೀಲಿಯಾಗಿತ್ತು, ಬಲಗಾಲು ತಿಳಿಯಾಗಿತ್ತು. ಎರಡನೆಯದೂ ಹಾಗೆಯೇ ಇತ್ತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಮೇಲ್ವಿಚಾರಕನಾಗಿರುವ ನನಗೆ ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು: 380 ಪ್ಯಾಂಟುಗಳು ಹಾಳಾಗಿದ್ದವು.

ಡೆನಿಮ್ ತಾನುಗಳು, ಅಂದರೆ ಜೀನ್ಸ್ ಬಟ್ಟೆಯ ಸುರುಳಿಗಳು, ಬಿಚ್ಚಿದಾಗ ಒಂದೇ ಬಣ್ಣದವೆಂದು ಕಂಡರೂ ತಾನಿನಿಂದ ತಾನಿಗೆ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ, ಮತ್ತು ಅದು ಎದ್ದು ಕಾಣುವುದು ವಾಷಿಂಗ್ ಆದ ಮೇಲೆಯೇ. ಆದ್ದರಿಂದಲೇ ಕಟಿಂಗ್ ಮೇಜಿನ ಮೇಲೆ ಪದರ ಪದರವಾಗಿ ಹಾಸಿ ಕತ್ತರಿಸಿದ ಪ್ರತಿಯೊಂದು ತುಂಡಿಗೂ ಆ ಪದರದ ಸಂಖ್ಯೆಯ ಚೀಟಿ ಅಂಟಿಸಿ, ಅದೇ ಸಂಖ್ಯೆಯ ತುಂಡುಗಳನ್ನು ಮಾತ್ರ ಜೋಡಿಸಿ ಹೊಲಿಯುತ್ತಾರೆ. ಆ ದಿನ ಚೀಟಿ ಅಂಟಿಸುವಾಗ ನಡುವೆ ಸಂಖ್ಯೆ ತಪ್ಪಿತ್ತು. ಅದು ಅಂಟಿಸಿದ ಹುಡುಗನಿಗೆ ಅರ್ಧ ಗಂಟೆಯೊಳಗೇ ಗೊತ್ತಾಗಿತ್ತು ಎಂಬುದು, ಕಾಲು ಜೋಡಿಸುವ ಇಬ್ಬರು ಹೆಣ್ಣುಮಕ್ಕಳಿಗೂ ಅನುಮಾನ ಬಂದಿತ್ತು ಎಂಬುದು ನನಗೆ ತಿಳಿದದ್ದು ಮಾತ್ರ ನಾಲ್ಕು ದಿನಗಳ ನಂತರ. ಮೂವರೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ವಾರವಷ್ಟೇ ಜಿಪ್ ಓರೆಯಾಗಿದೆ ಎಂದು ಒಬ್ಬ ಟೈಲರನ್ನು ನಾನು ಎಲ್ಲರೆದುರು ಬೈದಿದ್ದೆ. ಆ ಬೈಗುಳದ ಬೆಲೆ ಈ 380 ಪ್ಯಾಂಟುಗಳು ಎಂದು ಒಪ್ಪಿಕೊಳ್ಳಲು ನನಗೆ ಕೆಲವು ದಿನಗಳೇ ಬೇಕಾದವು.

ಮಾಲೀಕರು ಇದಕ್ಕೆ ಪರಿಹಾರವೆಂದು ದೊಡ್ಡ ಊರಿನಿಂದ ಒತ್ತಡ ನಿಭಾಯಿಸಲು ಕಲಿಸುವ ಒಬ್ಬ ತರಬೇತುದಾರರನ್ನು ಕರೆಸಿದರು. ಅವರು ಮೇ ತಿಂಗಳ ಮಧ್ಯಾಹ್ನ, ಕಾದ ತಗಡಿನ ಶೀಟಿನ ಕೆಳಗೆ ನಮ್ಮೆಲ್ಲರನ್ನೂ ನಿಲ್ಲಿಸಿ ದೀರ್ಘವಾಗಿ ಉಸಿರಾಡಲು ಹೇಳಿಕೊಟ್ಟರು. ಉಸಿರಾಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೆಲಸದ ಬಳಲಿಕೆಯನ್ನು (ಬರ್ನ್‌ಔಟ್) ತನ್ನ ರೋಗ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ವಿವರಿಸುವಾಗ, ಅದನ್ನು ಕಾಯಿಲೆ ಎನ್ನದೆ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದೇ ಹೇಳಿದೆ. ಒತ್ತಡ ಹುಟ್ಟುವುದು ಕೆಲಸದ ಏರ್ಪಾಡಿನಲ್ಲಿ ಎಂದಾದರೆ, ಮದ್ದನ್ನು ಕೆಲಸಗಾರನ ಮೂಗಿನಲ್ಲಿ ಹುಡುಕುವುದು ನನಗೆ ಸರಿಕಾಣಲಿಲ್ಲ.

ಆಗ ಎಂಬಿಎ ಓದುತ್ತಿದ್ದ ಮಾಲೀಕರ ಮಗಳು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿತು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಔಷಧಿ ಕೊಡುವುದರಲ್ಲಿನ ತಪ್ಪುಗಳು ಹೆಚ್ಚು ದಾಖಲಾಗಿದ್ದದ್ದು ಒಳ್ಳೆಯ ತಂಡಗಳಲ್ಲಿಯೇ ಎಂಬುದು ಕಂಡುಬಂದಿತಂತೆ. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ, ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದವು ಎಂಬುದು ಅವರ ವಿವರಣೆ. ನಮ್ಮ ರಿಜಿಸ್ಟರಿನಲ್ಲಿ ತಪ್ಪುಗಳ ಕಾಲಂ ತಿಂಗಳುಗಟ್ಟಲೆ ಖಾಲಿಯಿರುತ್ತಿತ್ತು, ಮತ್ತು ನಾನು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ.

ಟೊಯೊಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಮೇಲಿನವರನ್ನು ಕರೆಯುವ, ಅಗತ್ಯವಾದರೆ ಇಡೀ ಸಾಲನ್ನೇ ನಿಲ್ಲಿಸುವ ಪದ್ಧತಿಯಿದೆ. ನಾವು ಹಗ್ಗದ ಬದಲು ಕಟಿಂಗ್‌ನಲ್ಲಿ ಉಳಿದ ಕೆಂಪು ಚಿಂದಿಯನ್ನು ಪ್ರತಿ ಮಿಷನ್ನಿಗೂ ಒಂದರಂತೆ ಕೊಟ್ಟು, ಅನುಮಾನ ಬಂದರೆ ದಾರದ ಸ್ಟ್ಯಾಂಡಿಗೆ ಕಟ್ಟಿರಿ, ಬೈಯುವುದಿಲ್ಲ ಎಂದೆವು. ಒಂಬತ್ತು ದಿನಗಳವರೆಗೆ ಒಂದು ಚಿಂದಿಯೂ ಮೇಲೇರಲಿಲ್ಲ. ಹತ್ತನೆಯ ದಿನ ಗುಂಡಿಯ ತೂತು ಹೊಲಿಯುವ ಕಾಜಾ ಮಿಷನ್ನಿನ ಹಿರಿಯ ಅಕ್ಕನನ್ನು ಕೇಳಿದಾಗ ಅವರು ಕೈಕೆಲಸ ನಿಲ್ಲಿಸದೆಯೇ ಉತ್ತರ ಕೊಟ್ಟರು: "ಬೈಯಂಗಿಲ್ಲ ಅಂದ್ರಿ, ಖರೆ. ಮಿಷನ್ ನಿಂತ್ರ ನಮ್ಮ ಕೂಲಿ ಯಾರು ಕೊಡ್ತಾರಣ್ಣಾ?"

ನಾನು ಭಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ, ಪೀಸ್ ರೇಟನ್ನು ಮರೆತಿದ್ದೆ. ಪೀಸಿಗೆ ಇಷ್ಟು ಎಂದು ದುಡಿಯುವವರಿಗೆ ಸತ್ಯ ಹೇಳಲು ಬೇಕಾಗುವ ಇಪ್ಪತ್ತು ನಿಮಿಷ ಎಂದರೆ ಕೈಬಿಟ್ಟು ಹೋಗುವ ದುಡ್ಡು. ಅದೂ ಬೇರೆ ಯಾರೋ ಮಾಡಿದ ತಪ್ಪಿಗಾಗಿ. ಚಿಂದಿ ಕಟ್ಟಿದ ಹೊತ್ತಿಗೆ ಅವರವರ ಹಿಂದಿನ ವಾರದ ಸರಾಸರಿ ಗಳಿಕೆಯ ಲೆಕ್ಕದಲ್ಲಿ ಕೂಲಿ ಕೊಡಬೇಕೆಂದು ಮಾಲೀಕರ ಮುಂದಿಟ್ಟಾಗ, ಸುಮ್ಮನೆ ಕೂತವರಿಗೂ ಕೂಲಿಯೇ ಎಂದು ಅವರು ನಕ್ಕರು. 380 ಪ್ಯಾಂಟುಗಳನ್ನು ಅರ್ಧ ಬೆಲೆಗೂ ಕಡಿಮೆಗೆ ಮಾರಿದ ಬಿಲ್ಲನ್ನು ಪಕ್ಕದಲ್ಲಿಟ್ಟ ಮೇಲೆ, ಮೂರು ತಿಂಗಳ ಮಟ್ಟಿಗೆ ನೋಡೋಣ ಎಂದರು. ಆ ವಾರದಲ್ಲೇ ನಾಲ್ಕು ಚಿಂದಿಗಳು ಮೇಲೇರಿದವು. ಅವುಗಳಲ್ಲಿ ಒಂದನ್ನು ಕಟ್ಟಿದವನು ಆ ಚೀಟಿಯ ಹುಡುಗ.

ಚಿಂದಿ ಕಟ್ಟಿದ ಹೊತ್ತನ್ನು ಬರೆದಿಡತೊಡಗಿದ ಮೇಲೆ ಇನ್ನೊಂದು ವಿಷಯ ತಾನಾಗಿಯೇ ಹೊರಬಿತ್ತು: ಬೇಸಿಗೆಯಲ್ಲಿ ಹೆಚ್ಚಿನ ಚಿಂದಿಗಳು ಮಧ್ಯಾಹ್ನ ಮೂರರ ನಂತರದವು. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಮಗೆ ಅಷ್ಟು ಸಾಧ್ಯವಿಲ್ಲದಿದ್ದರೂ ಆ ಎರಡು ತಿಂಗಳು 7ಕ್ಕೆ ಕೆಲಸ ಆರಂಭಿಸಿ 3ಕ್ಕೆ ಮುಗಿಸುತ್ತೇವೆ. ಐದು ಗಂಟೆಗೂ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಬಿಡುವು ಕನಿಷ್ಠ ಅರ್ಧ ಗಂಟೆಯದ್ದಾಗಿರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿಯೇ ಇತ್ತು. ಅದನ್ನು ಊಟದ ಡಬ್ಬಿ ಮುಚ್ಚುವ ಮೊದಲೇ ಗಂಟೆ ಬಾರಿಸದೆ ನಿಜವಾಗಿ ಕೊಡುವುದನ್ನೂ ಆಗಲೇ ಕಲಿತೆವು.

ಕಳೆದ ತಿಂಗಳು ಒಂದು ಬೆಳಿಗ್ಗೆ ಒಂದೇ ಸಾಲಿನಲ್ಲಿ ಮೂರು ಕೆಂಪು ಚಿಂದಿಗಳು ಕಂಡವು. ಹೋಗಿ ನೋಡಿದರೆ ಮೇಲುಹೊಲಿಗೆಗೆ ಬಂಗಾರದ ಬಣ್ಣದ ದಾರದ ಬದಲು ಕಂದು ದಾರ ಏರಿಸಿದ್ದರು. ಯಾರು ಕೊಟ್ಟದ್ದು ಎಂದು ಕೇಳುತ್ತಿದ್ದಂತೆ ಸೇರಿ ಮೂರು ತಿಂಗಳೂ ಆಗಿರದ ಹುಡುಗಿಯೊಬ್ಬಳು ಚೀಟಿಯನ್ನು ನನ್ನ ಮುಂದೆ ಹಿಡಿದಳು. ದಾರದ ನಂಬರು ತಪ್ಪಾಗಿತ್ತು, ಅಕ್ಷರ ನನ್ನದೇ ಆಗಿತ್ತು. "ನೀವ ಬರದಿದ್ದು, ಅಣ್ಣಾ" ಎಂದಳು. ಸಾಲು ಇಪ್ಪತ್ತೈದು ನಿಮಿಷ ನಿಂತಿತು. ಆ ಹೊತ್ತನ್ನು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಎದುರು ಬರೆದೆ.