ಮೊದಲು ನಾಡಿ, ಆಮೇಲೆ ಸ್ಟೆತಸ್ಕೋಪ್

ಇವತ್ತು ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಬಿಪಿ ನೋಡುವುದನ್ನು ಹೇಳಿಕೊಟ್ಟೆ. ಎಲ್ಲರ ಕೈಯೂ ನೇರ ಸ್ಟೆತಸ್ಕೋಪ್‌ಗೇ ಹೋಗುತ್ತದೆ. ಹೊಸದು, ಆಸೆ ಇರುತ್ತದೆ ಅಲ್ವಾ. ನಾನು ಮೊದಲು ಮಣಿಕಟ್ಟಿನ ನಾಡಿ ಹಿಡಿಸುತ್ತೇನೆ. ತೋಳಿಗೆ ಕಟ್ಟುವ ಪಟ್ಟಿಗೆ, ಅಂದರೆ ಕಫ್‌ಗೆ, ಗಾಳಿ ತುಂಬುತ್ತಾ ನಾಡಿ ಎಲ್ಲಿ ನಿಲ್ಲುತ್ತದೆ ನೋಡಬೇಕು. ಇನ್ನೊಮ್ಮೆ ತುಂಬುವಾಗ ಅದಕ್ಕಿಂತ 30 ಮಿಮೀ (ಪಾದರಸದ ಅಳತೆ) ಮೇಲೇರಿಸಿ, ಆಮೇಲೆ ಗಾಳಿ ಬಿಡುತ್ತಾ ಸ್ಟೆತಸ್ಕೋಪ್‌ನಲ್ಲಿ ನಾಡಿಯ ಶಬ್ದ ಕೇಳಿಸಿಕೊಳ್ಳಬೇಕು. ಕೆಲವರಲ್ಲಿ, ಅದರಲ್ಲೂ ಬಿಪಿ ಜಾಸ್ತಿ ಇರುವ ವಯಸ್ಸಾದವರಲ್ಲಿ, ಶಬ್ದ ನಡುವೆ ಮಾಯವಾಗಿ ಮತ್ತೆ ಬರುತ್ತದೆ. ನಾಡಿ ನೋಡದೆ ಆ ನಡುವಿನವರೆಗೆ ಮಾತ್ರ ಗಾಳಿ ತುಂಬಿದರೆ 180 ಇರುವುದನ್ನು 140 ಅಂತ ಬರೆದುಬಿಡಬಹುದು. ರಷ್ಯಾದ ವೈದ್ಯ ಕೊರೊಟ್ಕಾಫ್ 1905ರಲ್ಲೇ ಈ ಶಬ್ದಗಳನ್ನು ವಿವರಿಸಿದರು, ಆದರೂ ಬೆರಳಿನ ಕೆಲಸ ಮುಗಿದಿಲ್ಲ.

ಇನ್ನೊಂದು ಮಾತು. ಕಫ್ ಕಟ್ಟುವ ಮುಂಚೆ ‘ತೋಳು ಸ್ವಲ್ಪ ಬಿಗಿಯಾಗುತ್ತೆ ಅಮ್ಮ, ಗಾಬರಿ ಬೇಡ’ ಅಂತ ಹೇಳಬೇಕು. ಅದಕ್ಕೂ ನಾನು ಅಂಕ ಇಟ್ಟಿದ್ದೇನೆ.