ಹ್ಯಾಲೋವೀನ್‌ಗೆ ಯಾವ ಡ್ರೆಸ್ ಚೆನ್ನಾಗಿರುತ್ತೆ ಅಂತ ಕೇಳುವವರಿಗೆ

ಅಕ್ಟೋಬರ್ ಬಂತೆಂದರೆ ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕನ್ನಡದ ಅಪ್ಪ ಅಮ್ಮಂದಿರದು ಒಂದೇ ಪ್ರಶ್ನೆ: "ಹ್ಯಾಲೋವೀನ್‌ಗೆ ಮಗೂಗೆ ಯಾವ ಡ್ರೆಸ್ ಚೆನ್ನಾಗಿ ಕಾಣುತ್ತೆ?"

ಆ "ಚೆನ್ನಾಗಿ ಕಾಣುತ್ತೆ" ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಊರಿನ ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಮಗು ವೇದಿಕೆ ಮೇಲೆ ಎರಡು ನಿಮಿಷ ನಿಂತು, ಒಂದು ಡೈಲಾಗ್ ಹೇಳಿ ಇಳಿದರೆ ಮುಗಿಯಿತು. ಕಿರೀಟ ಜಾರಿದರೆ ಟೀಚರ್ ಸರಿಮಾಡುತ್ತಾರೆ. ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಹಾಗಲ್ಲ. ವೇಷ ಹಾಕಿದ ಮಗು ಚಾಕೊಲೇಟ್ ಕೇಳುತ್ತಾ ಒಂದೆರಡು ಗಂಟೆ ಮನೆಯಿಂದ ಮನೆಗೆ ಮೆಟ್ಟಿಲು ಹತ್ತಿಳಿಯುತ್ತಾ ನಡೆಯಬೇಕು. ಶಿಕಾಗೊದಲ್ಲಿ ಅವತ್ತು ಸೂರ್ಯ ಮುಳುಗುವುದು ಸುಮಾರು 5:45ಕ್ಕೆ. ಆಮೇಲೆ ಕತ್ತಲು, ಚಳಿ, ಡ್ರೈವ್‌ವೇಯಿಂದ ಹಿಂದಕ್ಕೆ ಬರುವ ಕಾರುಗಳು.

ಸ್ಪೈಡರ್‌ಮ್ಯಾನ್ ಆಗಲಿ, ಬಾಲಕೃಷ್ಣ ಆಗಲಿ, ಬಟ್ಟೆಯ ಅಂಚು ಪಾದದ ಗಂಟಿಗಿಂತ ಎರಡು ಬೆರಳು ಮೇಲಿರಲಿ. ಕಟ್ಟುವ ಪಂಚೆ ಬೇಡ, ಎಲಾಸ್ಟಿಕ್ ಹೊಲಿದ ಕಚ್ಚೆ ಹಾಕಿ. ಪ್ಲಾಸ್ಟಿಕ್ ಹೀಲ್ಸ್ ಫೋಟೋಗೆ ಸಾಕು, ನಡೆಯಲು ದಿನಾ ಹಾಕುವ ಶೂಗಳೇ. ವೇಷದ ಮೇಲೆ ಜಾಕೆಟ್ ಹಾಕಿದರೆ ಮಗು ಅಳುತ್ತೆ, ತೆಗೆದರೆ ನಡುಗುತ್ತೆ. ಅದಕ್ಕೇ ಒಂದು ಸೈಜ್ ದೊಡ್ಡ ಡ್ರೆಸ್ ತಂದು ಒಳಗೆ ಥರ್ಮಲ್ (ಬೆಚ್ಚಗಿನ ಒಳಉಡುಪು) ಹಾಕಿ. ಬೆನ್ನಿಗೂ ಬ್ಯಾಗಿಗೂ ಬೆಳಕಿಗೆ ಹೊಳೆಯುವ ಟೇಪ್ ಅಂಟಿಸಿ. ಹಿಂದೆ ಜಿಪ್ ಇರುವ, ಇಡೀ ಮೈ ಮುಚ್ಚುವ ಸೂಟ್ ಆದರೆ ಹೊರಡುವ ಮುಂಚೆ ಬಾತ್‌ರೂಮಿಗೆ ಕಳಿಸಲೇಬೇಕು, ಇಲ್ಲದಿದ್ದರೆ ನಾಲ್ಕನೇ ಮನೆ ಮುಂದೆ "ಅಮ್ಮಾ, ಸುಸ್ಸು" ಶುರುವಾಗುತ್ತೆ.

ಮುಖವಾಡ ಬೇಡ. ಮಗು ತಲೆ ತಿರುಗಿಸಿದರೆ ಕಣ್ಣಿನ ತೂತು ಜೊತೆಗೆ ತಿರುಗುವುದಿಲ್ಲ, ಪಕ್ಕದಿಂದ ಬರುವ ಕಾರು ಕಾಣುವುದಿಲ್ಲ. ಎಷ್ಟೋ ಶಾಲೆಗಳೂ ಮುಖವಾಡಕ್ಕೆ ಅವಕಾಶ ಕೊಡುವುದಿಲ್ಲ. ಬದಲಿಗೆ ನೀರಿನಲ್ಲಿ ಕರಗುವ ಫೇಸ್ ಪೇಂಟ್ ತನ್ನಿ. ಹಿಂದಿನ ದಿನವೇ ಮುಂಗೈ ಒಳಭಾಗಕ್ಕೆ ಚೂರು ಹಚ್ಚಿ ನೋಡಿ, ಕೆಂಪಾದರೆ ಬಿಟ್ಟುಬಿಡಿ. ಒದ್ದೆ ಸ್ಪಂಜನ್ನು ಚೆನ್ನಾಗಿ ಹಿಂಡಿ ತೆಳ್ಳಗೆ ಒಂದು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬ್ರಷ್‌ನಲ್ಲಿ ಗೆರೆ ಎಳೆಯಿರಿ. ದಪ್ಪಗೆ ಬಳಿದರೆ ನಕ್ಕಾಗ ಬಿರುಕು ಬಿಡುತ್ತೆ, ಹಸಿ ಇರುವಾಗಲೇ ಗೆರೆ ಎಳೆದರೆ ಕಪ್ಪು ಬಿಳಿ ಕಲಸಿ ಬೂದಿ ಬಣ್ಣವಾಗುತ್ತೆ.

ದೊಡ್ಡವರು ಆಫೀಸಿಗೆ ಏನು ಹಾಕಬೇಕು ಅನ್ನುವುದಕ್ಕೆ ಉತ್ತರ ಚಿಕ್ಕದು: ಕೂತು ಕೆಲಸ ಮಾಡಲು ಆಗುವಂಥದ್ದು. ಗಾಳಿ ತುಂಬಿದ ಡೈನೋಸಾರ್ ವೇಷದ ಒಳಗೆ ಕುರ್ಚಿ ಮೇಲೆ ಕೂರಲಾಗುವುದಿಲ್ಲ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಬರೀ ಅಲಂಕಾರಕ್ಕಾದರೂ ಕಣ್ಣಿನ ಡಾಕ್ಟರ ಚೀಟಿ ಬೇಕು, 2005ರಿಂದ ಅಮೆರಿಕದಲ್ಲಿ ಅದು ಕಾನೂನು.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: "ನಮ್ಮ ಮನೆಗೆ ಬರುವ ಮಕ್ಕಳಿಗೆ ನಾವೇನು ಮಾಡಬೇಕು?" ನಮ್ಮ ಮಕ್ಕಳು ಬೇರೆಯವರ ಬಾಗಿಲಲ್ಲಿ ಬುಟ್ಟಿ ತುಂಬಿಸಿಕೊಂಡು ಬರುವಾಗ ನಾವು ದೀಪ ಆರಿಸಿ ಒಳಗೆ ಕೂರುವುದು ಸರಿಯಲ್ಲ. ಬಾಗಿಲ ಹೊರಗಿನ ದೀಪ ಹಾಕಿದರೆ ಬನ್ನಿ ಎಂದು ಅರ್ಥ, ಆರಿಸಿದ ಮನೆಯ ಬೆಲ್ ಯಾರೂ ಒತ್ತುವುದಿಲ್ಲ. ಮಗುವಿಗೆ ಒಂದೋ ಎರಡೋ ಚಾಕೊಲೇಟ್ ಕೊಡಿ, ವೇಷ ಏನೆಂದು ಕೇಳಿ, ಹೊಗಳಿ. ಕಡಲೆಕಾಯಿ ಅಲರ್ಜಿಯ ಮಕ್ಕಳಿಗೆ ಪೆನ್ಸಿಲ್, ಸ್ಟಿಕ್ಕರ್ ಬೇರೆ ಬೋಗುಣಿಯಲ್ಲಿಟ್ಟು, ನೀಲಿ-ಹಸಿರು ಬಣ್ಣ ಬಳಿದ ಕುಂಬಳಕಾಯಿಯನ್ನು ಬಾಗಿಲಲ್ಲಿಡಿ. ಆ ಬಣ್ಣ ಕಂಡರೆ ಇಲ್ಲಿ ತಿನಿಸಲ್ಲದ ಉಡುಗೊರೆಯೂ ಇದೆ ಅಂತ ಅವರ ಅಪ್ಪ ಅಮ್ಮಂದಿರಿಗೆ ಗೊತ್ತಾಗುತ್ತೆ.

ಮಗು ತಂದ ಬುಟ್ಟಿಯನ್ನು ಟೇಬಲ್ ಮೇಲೆ ಸುರಿದು, ರ್‍ಯಾಪರ್ ಹರಿದದ್ದನ್ನು ಎಸೆಯಿರಿ. ಸಸ್ಯಾಹಾರಿಗಳಾದರೆ ಹಿಂಬದಿಯ ಪಟ್ಟಿಯಲ್ಲಿ ಜಿಲೆಟಿನ್ ಇದೆಯೇ ಓದಿ. ಅದು ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. ಮಾರ್ಷ್‌ಮೆಲೋ, ಹೆಚ್ಚಿನ ಗಮ್ಮಿಗಳು (ಮೆತ್ತನೆಯ ಅಂಟು ಮಿಠಾಯಿ), ಸ್ಟಾರ್‌ಬರ್ಸ್ಟ್ ಮಿಠಾಯಿ ಎಲ್ಲದರಲ್ಲೂ ಇರುತ್ತೆ. ಅವನ್ನು ಪಕ್ಕದ ಮನೆ ಮಕ್ಕಳ ಚಾಕೊಲೇಟಿಗೆ ಬದಲಾಯಿಸಿಕೊಳ್ಳಲಿ ಬಿಡಿ.