ಆಕೆಯ ಮಗಳು ಏನಾದಳು?

ಏಪ್ರಿಲ್ 5, 2025, ಶನಿವಾರ. ರಾತ್ರಿ ಹತ್ತೂ ಕಾಲು.

ಇವತ್ತು ಒಂದು ಸುಳ್ಳು ಹೇಳಿದೆ. ಯಾರೂ ಹಿಡಿಯಲಾರರು. ಹೇಳಿದ ಒಂದೊಂದು ಪದವೂ ನಿಜ. ಅದಕ್ಕೇ ಜಾಸ್ತಿ ಚುಚ್ಚುತ್ತಿದೆ.

ಮಧ್ಯಾಹ್ನ ಸ್ತ್ರೀ ಸಂಘದ ಕೂಟ ಇತ್ತು, ಬಾವಿಕಟ್ಟೆ ಅಕ್ಕನ ಮನೆಯಲ್ಲಿ. ಸೆಖೆ ಅಂದರೆ ಸೆಖೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಕಾಗೆ ಓಡಿಸಲು ಮೊಮ್ಮಗನನ್ನು ಕೂರಿಸಿದ್ದರು. ಅವನು ಮೊಬೈಲ್ ನೋಡುತ್ತಿದ್ದ, ಕಾಗೆ ಅದರ ಪಾಡಿಗೆ ಹಪ್ಪಳ ತಿನ್ನುತ್ತಿತ್ತು. ಗೀತೆ, ವಾಕ್ಯ, ಪ್ರಾರ್ಥನೆ ಎಲ್ಲ ಆದ ಮೇಲೆ ನನ್ನ ಸರದಿ.

ನಿಮಗೆ ಗೊತ್ತಲ್ಲ, ನಮ್ಮ ಚರ್ಚಿನ ಸಭೆಯ ಪತ್ರಿಕೆಗೆ ಕಳಿಸುವ ಮೊದಲು ನನ್ನ ಬರಹವನ್ನು ಇವರ ಮುಂದೆ ಓದುವುದು ರೂಢಿ. ಇವರಿಗೆ ಆಕಳಿಕೆ ಬಂದ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ, ಮನೆಗೆ ಬಂದು ಕತ್ತರಿಸುತ್ತೇನೆ. ಮಹಿಳೆಯರ ಪುಟಕ್ಕೆ ಬರೆಯಲು ಶುರು ಮಾಡಿ ಆರು ವರ್ಷವಾಯಿತು. ಬೈಬಲಿನ ರೂತ್, ಎಸ್ತೇರ್, ಹನ್ನಾ ಎಲ್ಲ ಮುಗಿದರು. ವೆಲ್ಲೂರಿನಲ್ಲಿ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ ಆದರು, ದೋಹ್ನಾವೂರಿನಲ್ಲಿ ಮಕ್ಕಳನ್ನು ಸಾಕಿದ ಏಮಿ ಕಾರ್ಮೈಕಲ್ ಆದರು. ಮೊತ್ತಮೊದಲು ಬರೆದದ್ದು ಜ್ಞಾನೋಕ್ತಿ 31ರ ಗುಣವತಿಯ ಬಗ್ಗೆ. ಕತ್ತಲಿರುವಾಗಲೇ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ರಾತ್ರಿಯೆಲ್ಲ ಆಕೆಯ ದೀಪ ಆರುವುದಿಲ್ಲ, ನಾವೂ ಹಾಗೇ ಆಗೋಣ ಅಂತ ಬರೆದಿದ್ದೆ. ಅತ್ತೆ ಕನ್ನಡಕ ಏರಿಸಿ ಓದಿ, "ಹದಿನೈದನೇ ವಚನ ಬಿಟ್ಟಿದ್ದೀ. ಅವಳಿಗೆ ದಾಸಿಯರು ಇದ್ದರು" ಅಂದರು. ಅತ್ತೆ ಹೋಗಿ ಮೂರು ವರ್ಷವಾಯಿತು. ಇವತ್ತು ಇದ್ದಿದ್ದರೆ ನನ್ನ ಸುಳ್ಳನ್ನು ಅಲ್ಲೇ ಹಿಡಿಯುತ್ತಿದ್ದರು.

ಈ ತಿಂಗಳು ಪಂಡಿತಾ ರಮಾಬಾಯಿ. ಅವರು ತೀರಿಕೊಂಡದ್ದು 1922ರ ಏಪ್ರಿಲ್ 5ರಂದು, ಇವತ್ತಿಗೆ ಸರಿಯಾಗಿ 103 ವರ್ಷ. ಸಾಲದ್ದಕ್ಕೆ ನಮ್ಮ ಕಾರ್ಕಳದವರು. "ಎಂತ, ನಮ್ಮ ಕಾರ್ಕಳವಾ?" ಅಂತ ಮೂರು ಜನ ಒಟ್ಟಿಗೆ ಕೇಳಿದರು. ಹೌದು ಮಾರಾಯ್ರೇ, ಬಜಗೋಳಿ ದಾಟಿ ಕುದುರೆಮುಖದ ಕಡೆ ಹೋಗುವಾಗ ಸಿಗುವ ಮಾಳ. ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಆ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಊರವರು ತಿರುಗಿಬಿದ್ದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸು ಓದಬಹುದು ಅನ್ನುವುದಕ್ಕೆ ಶಾಸ್ತ್ರದ ಆಧಾರ ತೋರಿಸಬೇಕಾಯಿತು. ಆಮೇಲೆ ಸಂಸಾರ ಕಟ್ಟಿಕೊಂಡು ಘಟ್ಟದ ಮೇಲೆ ಗಂಗಾಮೂಲದ ಕಾಡಿಗೆ ಹೋಗಿ ಕೂತರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ಅಲ್ಲಿ 1858ರಲ್ಲಿ ರಮಾಬಾಯಿ ಹುಟ್ಟಿದರು. ಶೃಂಗೇರಿಗೆ ಹೋಗುವಾಗ ಆ ದಾರಿಯಲ್ಲಿ ನಾವು ಎಷ್ಟು ಸಲ ವಾಂತಿ ಮಾಡಿಕೊಂಡಿಲ್ಲ! ಒಂದು ಸಲವೂ ಈ ಹೆಸರು ನೆನಪಾಗಿಲ್ಲ.

ಓದುತ್ತಾ ಹೋದೆ. ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಸತ್ತದ್ದು. ಅಣ್ಣನ ಜೊತೆ ದೇಶವೆಲ್ಲ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದ್ದು, ಅಲ್ಲಿನ ಪಂಡಿತರು ಇಪ್ಪತ್ತು ವರ್ಷದ ಹುಡುಗಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟದ್ದು. ಅಣ್ಣ ಸತ್ತದ್ದು. ಬಂಗಾಳದ ಬೇರೆ ಜಾತಿಯ ವಕೀಲರನ್ನು ಮದುವೆಯಾಗಿ ಎರಡೇ ವರ್ಷದಲ್ಲಿ ವಿಧವೆಯಾದದ್ದು. ಕೈಯಲ್ಲಿ ಒಂದು ಹೆಣ್ಣು ಕೂಸು, ಮನೋರಮಾ. ಆ ಕೂಸನ್ನು ಕಟ್ಟಿಕೊಂಡು 1883ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದದ್ದು, ಅಲ್ಲಿ ದೀಕ್ಷಾಸ್ನಾನ ಪಡೆದದ್ದು.

ಇಲ್ಲಿ ಸ್ವಲ್ಪ ನಗು ಆಯಿತು. ರಮಾಬಾಯಿ ಕ್ರೈಸ್ತರಾದ ಮೇಲೂ ಮಾಂಸ, ಮೀನು, ಮೊಟ್ಟೆ ಮುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ಮೊಟ್ಟೆ ಹಾಕಿದ ಪುಡ್ಡಿಂಗ್ ಕೂಡ ಬೇಡ ಅಂದರು. "ಮೀನೂ ಇಲ್ವಾ? ಮತ್ತೆ ಊಟ ಹೇಗೆ ಇಳಿಯುತ್ತದೆ?" ಅಂತ ಬಾವಿಕಟ್ಟೆ ಅಕ್ಕ ನಿಜವಾದ ಕಾಳಜಿಯಿಂದ ಕೇಳಿದರು. ಲೆಂಟ್ ಅಂತ ನಲವತ್ತು ದಿನ ಬಂಗುಡೆ ಬಿಟ್ಟಿರುವವರು ಅವರು. ಗರಿಗಳ ಭಾನುವಾರಕ್ಕೆ ಇನ್ನು ಎಂಟು ದಿನ, ಈಸ್ಟರಿಗೆ ಹದಿನೈದು ಅಂತ ಲೆಕ್ಕ ಇಟ್ಟಿದ್ದಾರೆ.

ಇಂಗ್ಲೆಂಡಿನಲ್ಲಿ ಅವರನ್ನು ಇರಿಸಿಕೊಂಡಿದ್ದ ಕ್ರೈಸ್ತ ಮಠದ ಸಿಸ್ಟರ್‌ಗಳ ಜೊತೆ ರಮಾಬಾಯಿ ಮಾಡಿದ ವಾದಗಳನ್ನು ನಾನು ಬರೆದಿರಲಿಲ್ಲ. ನಮ್ಮ ಪುರೋಹಿತರ ನೊಗದಿಂದ ಈಗಷ್ಟೇ ಕಷ್ಟಪಟ್ಟು ಬಿಡಿಸಿಕೊಂಡಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಅನ್ನುವ ಅರ್ಥದಲ್ಲಿ ಅವರಿಗೇ ಕಾಗದ ಬರೆದ ಹೆಂಗಸು. ನಮ್ಮ ಸಂಪಾದಕರು ಅದನ್ನು ಉಳಿಸುವುದಿಲ್ಲ ಅಂತ ನನಗೆ ಗೊತ್ತು. ಅವರು ಹೊಡೆಯುವ ಮೊದಲು ನಾನೇ ಹೊಡೆದಿದ್ದೆ. ಆರು ವರ್ಷದಲ್ಲಿ ಇದನ್ನು ಚೆನ್ನಾಗಿ ಕಲಿತಿದ್ದೇನೆ.

ಆಮೇಲೆ ವಿಧವೆಯರಿಗೆ ತೆರೆದ ಶಾಲೆ ಶಾರದಾ ಸದನ, 1889, ಮುಂಬಯಿ. ಪುಣೆ ಹತ್ತಿರ ಕೇಡ್ಗಾವಿನಲ್ಲಿ ದಿಕ್ಕಿಲ್ಲದ ಹೆಂಗಸರ ಆಶ್ರಮ, ಮುಕ್ತಿ. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದು ಅನ್ನ ಹಾಕಿದ್ದು. ಬರದಲ್ಲಿ ಎಲೆ ತಿಂದು ಬದುಕಿದ ಹುಡುಗಿ ಅಲ್ವಾ ಆಕೆ, ಯಾರೂ ಹೇಳಿಕೊಡಬೇಕಿರಲಿಲ್ಲ. ಕಡೆಗೆ ಬೈಬಲ್. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು, ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತಿನಲ್ಲಿ. ಹದಿನೈದು ವರ್ಷಕ್ಕೂ ಜಾಸ್ತಿ ಹಿಡಿದ ಕೆಲಸ. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚುಮೊಳೆ ಜೋಡಿಸಿದರು. ಕೊನೆಯ ಪ್ರೂಫ್ ತಿದ್ದಿ ಮುಗಿಸಿ ರಮಾಬಾಯಿ ಕಣ್ಣು ಮುಚ್ಚಿದರು ಅಂತ ಹೇಳುತ್ತಾರೆ. ನನ್ನ ಲೇಖನವೂ ಅಲ್ಲೇ ಮುಗಿಯುತ್ತದೆ. ಓಟ ಮುಗಿಸಿದ್ದೇನೆ ಅನ್ನುವ ಪೌಲನ ಮಾತು ಹಾಕಿ ಚುಕ್ಕಿ ಇಟ್ಟಿದ್ದೆ. ನನಗೇ ಗಂಟಲು ಕಟ್ಟಿತು. ಎಲ್ಲರೂ ಸ್ತೋತ್ರ ಅಂದರು.

ಆಗ ಕೆಳಗಿನ ಮನೆ ದೊಡ್ಡಮ್ಮ ಕೇಳಿದರು. "ಆ ಮಗು ಇತ್ತಲ್ಲ, ಆಕೆಯ ಮಗಳು. ಅವಳು ಏನಾದಳು?"

ದೊಡ್ಡಮ್ಮನ ಬಗ್ಗೆ ಮುಂಚೆ ಬರೆದಿದ್ದೇನೆ. ಬೀಡಿ ಎಲೆ ಕತ್ತರಿಸುತ್ತಾ 121ನೇ ಕೀರ್ತನೆ ಬಾಯಿಪಾಠ ಹೇಳುವವರು. ಕೂಟಕ್ಕೂ ಸೂಪು, ಅಂದರೆ ಬೀಡಿ ಕಟ್ಟುವ ಮೊರ, ತರುತ್ತಾರೆ. ತೊಡೆ ಮೇಲೆ ಸೂಪು, ಸೂಪಿನಲ್ಲಿ ಹೊಗೆಸೊಪ್ಪು, ನೆನೆಸಿದ ಎಲೆ, ಕೆಂಪು ನೂಲು. ನಾವು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗಲೂ ಅವರ ಬೆರಳು ತಾನಾಗಿ ಸುತ್ತುತ್ತಿರುತ್ತದೆ. ಮೊದಮೊದಲು ಕೆಲವರಿಗೆ ಸರಿ ಕಾಣಲಿಲ್ಲ. ಆಮೇಲೆ ಸುಮ್ಮನಾದರು. ಸಂಜೆಯೊಳಗೆ ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಡದಿದ್ದರೆ ಆ ದಿನದ ದುಡ್ಡು ಇಲ್ಲ. ಅವರ ಒಬ್ಬಳೇ ಮಗಳು ಕುವೈಟಿನಲ್ಲಿ ಮನೆಕೆಲಸಕ್ಕೆ ಹೋಗಿ ಎರಡು ವರ್ಷವಾಯಿತು. ಪ್ರತಿ ಭಾನುವಾರ ರಾತ್ರಿ ಫೋನ್ ಬರುತ್ತಿತ್ತು. ಕಳೆದ ಎರಡು ಭಾನುವಾರ ಬಂದಿಲ್ಲ.

ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಎತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ "ದೂರ ದೇಶದಲ್ಲಿರುವವರನ್ನು ಕಾಪಾಡು" ಅಂತ ಹೆಸರು ಹೇಳದೆ ಸೇರಿಸಿದ್ದೆವು.

ಮನೋರಮಾ ಏನಾದಳು ಅಂತ ನನಗೆ ಗೊತ್ತಿತ್ತು. ಓದಿದಳು, ಪರದೇಶಕ್ಕೆ ಹೋಗಿ ಬಂದಳು, ತಾಯಿಯ ಬಲಗೈಯಾದಳು. ತಾಯಿಯ ಜೊತೆ ಸೇರಿ ಗುಲ್ಬರ್ಗಾದಲ್ಲಿ ಒಂದು ಶಾಲೆ ತೆರೆದು ನಡೆಸಿದಳು. ಇಷ್ಟು ಹೇಳಿದೆ. "ನಮ್ಮ ಗುಲ್ಬರ್ಗಾವಾ?" ಅಂತ ಮತ್ತೆ ಆಶ್ಚರ್ಯ.

"ಆಮೇಲೆ?" ಅಂದರು ದೊಡ್ಡಮ್ಮ. ಬೆರಳು ನಿಂತಿತ್ತು.

"ಕೊನೆವರೆಗೂ ತಾಯಿ ಜೊತೆಗೇ ಇದ್ದಳು ದೊಡ್ಡಮ್ಮ" ಅಂದುಬಿಟ್ಟೆ.

ಕೊನೆವರೆಗೂ. ಯಾರ ಕೊನೆವರೆಗೂ? 1921ರ ಜುಲೈಯಲ್ಲಿ ಮನೋರಮಾ ಸತ್ತಳು. ನಲವತ್ತು ವರ್ಷ. ತನ್ನ ನಂತರ ಮುಕ್ತಿಯನ್ನು ಇವಳ ಕೈಗೆ ಕೊಡಬೇಕು ಅಂತ ತಾಯಿ ಅಂದುಕೊಂಡಿದ್ದರು. ಒಂಬತ್ತು ತಿಂಗಳು ತುಂಬುವ ಮೊದಲೇ ತಾಯಿಯೂ ಹೋದರು. ಕಿವಿ ಕೇಳಿಸದ, ಮಗಳಿಲ್ಲದ ಹೆಂಗಸು ಆ ತಿಂಗಳುಗಳಲ್ಲಿ ಪ್ರೂಫ್ ತಿದ್ದಿದ್ದು.

"ಪುಣ್ಯವಂತೆ" ಅಂದರು ದೊಡ್ಡಮ್ಮ. ಬೆರಳು ಮತ್ತೆ ಓಡತೊಡಗಿತು. ಚಹಾ ಬಂತು, ಗೋಳಿಬಜೆ ಬಂತು. ನನ್ನ ಗೋಳಿಬಜೆ ಗಂಟಲಲ್ಲಿ ಇಳಿಯಲಿಲ್ಲ. ಬಾವಿಕಟ್ಟೆ ಅಕ್ಕ "ಎಣ್ಣೆ ಜಾಸ್ತಿ ಆಯ್ತಾ?" ಅಂತ ಕೇಳಿದರು.

ಈಗ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಊಟದ ಮೇಜಿನ ಮೇಲೆ ಲೇಖನ ಹರಡಿಕೊಂಡು ಕೂತಿದ್ದೇನೆ. ಸೋಮವಾರ ಕಳಿಸಬೇಕು. ಮೊಬೈಲಿಗೆ ಮಾತಾಡಿ ಟೈಪ್ ಮಾಡಿಸುತ್ತಿದ್ದೆ, ಅದು ರಮಾಬಾಯಿಯನ್ನು "ರಮಾ ಬಾಯಿ" ಅಂತ ಒಡೆದು ಇಡುತ್ತದೆ. ಕರ್ತನು ಅಂದರೆ ಕತ್ತನು ಅನ್ನುತ್ತದೆ. ಕೈಯಲ್ಲೇ ಬರೆಯುವುದು ವಾಸಿ. ಮಗಳು ಕೊಟ್ಟ ಹಳೇ ನೋಟ್‌ಬುಕ್‌ನಲ್ಲಿ ಇನ್ನೂ ಅರ್ಧ ಹಾಳೆ ಖಾಲಿ ಇದೆ.

ಸಂಪಾದಕರು ಕೆಟ್ಟವರಲ್ಲ. ಅವರು ಹೇಳುವುದು ಇಷ್ಟೇ, "ಸಿಸ್ಟರ್, ಓದಿ ಕೆಳಗಿಡುವಾಗ ಧೈರ್ಯ ಬರಬೇಕು. ಅಳಿಸಬೇಡಿ, ಅಳಲು ಅವರಿಗೆ ಮನೆಯಲ್ಲೇ ಬೇಕಾದಷ್ಟು ಇದೆ." ನಾನೂ ಒಪ್ಪಿಕೊಂಡೇ ಬರೆದದ್ದು. ಆರುನೂರು ಪದ, ಕಷ್ಟ ಮುನ್ನೂರು, ಜಯ ಮುನ್ನೂರು. ಐಡಾ ಸ್ಕಡರ್ ಕಥೆಯಲ್ಲಿ ಆ ಒಂದೇ ರಾತ್ರಿ ಹೆರಿಗೆಯಲ್ಲಿ ಸತ್ತ ಮೂವರು ಹೆಂಗಸರನ್ನು ಒಂದು ಸಾಲಿನಲ್ಲಿ ಮುಗಿಸಿ ಆಸ್ಪತ್ರೆ ಕಟ್ಟಿಬಿಟ್ಟಿದ್ದೆ. ಹನ್ನಾಳ ಕಥೆಯಲ್ಲಿ ಸಮುವೇಲ ಹುಟ್ಟಿದ ಕೂಡಲೇ ಚುಕ್ಕಿ. ಆ ಹಾಲು ಬಿಟ್ಟ ಮಗುವನ್ನು ದೇವಾಲಯದಲ್ಲಿ ಬಿಟ್ಟು ಬಂದಳಲ್ಲ, ಮನೆಗೆ ನಡೆದು ಬರುವಾಗ ಹೇಗಿತ್ತೋ. ವರ್ಷಕ್ಕೊಂದು ಸಲ ಚಿಕ್ಕ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು ಅಂತ ಸತ್ಯವೇದದಲ್ಲೇ ಇದೆ. ಪ್ರತಿ ವರ್ಷ ಅಳತೆ ಹೇಗೆ ಗೊತ್ತಾಗುತ್ತಿತ್ತು ಅವಳಿಗೆ? ಅಂದಾಜಿನ ಮೇಲೆ ಹೊಲಿಯುತ್ತಿದ್ದಳಾ? ನಾನು ಅದನ್ನು ಬರೆಯಲೇ ಇಲ್ಲ.

ಎದ್ದು ಹೋಗಿ ಅಜ್ಜಿಯ ಸತ್ಯವೇದ ತಂದೆ. ಯಾಕೋ ಗೊತ್ತಿಲ್ಲ, ಸುಮ್ನೆ. ನಮ್ಮ ಮನೆಯಲ್ಲಿ ಮೊದಲು ಬರೆದ ಹೆಂಗಸು ನಾನಲ್ಲ, ಅಜ್ಜಿ. ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಭಾನುವಾರದ ಶಾಲೆಯಲ್ಲಿ ಅಕ್ಷರ ಕಲಿತದ್ದು. ಅವರು ಬರೆದದ್ದೆಲ್ಲ ಈ ಪುಸ್ತಕದ ಮೊದಲಿನ ಖಾಲಿ ಹಾಳೆಗಳಲ್ಲಿದೆ, ಪೆನ್ಸಿಲಿನಲ್ಲಿ. ಯಾರು ಹುಟ್ಟಿದ್ದು, ಯಾರಿಗೆ ದೀಕ್ಷಾಸ್ನಾನ ಆದದ್ದು, ಯಾರ ಮದುವೆ. ನಡುವೆ ಒಂದು ಕಡೆ ಅಕ್ಕಿಯ ಸಾಲದ ಲೆಕ್ಕ, ಅಡ್ಡ ಗೀಟು ಎಳೆದದ್ದು. ನಾಲ್ಕನೇ ಹೆಸರಿನ ಮುಂದೆ ಎರಡು ತಾರೀಕು, ನಡುವೆ ಹನ್ನೊಂದು ದಿನ. ಇಂಥ ಕಡೆ ಎಲ್ಲರೂ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಅಂತ ಬರೆಯುತ್ತಾರೆ. ಅಜ್ಜಿ ಬರೆದದ್ದು ಬೇರೆ. "ಆ ದಿನ ಜೋರು ಮಳೆ."

ಅಷ್ಟೇ. ಮುಂದಿನ ಸಾಲಿನಲ್ಲಿ ನನ್ನ ಅಪ್ಪ ಹುಟ್ಟಿದ್ದಾರೆ.

ಅಜ್ಜಿಗೆ ಸಂಪಾದಕರಿರಲಿಲ್ಲ.

ಸರಿ. ಪೌಲನ ಮಾತು ತೆಗೆದೆ. ಹದಿನಾಲ್ಕು ಪದ ಉಳಿಯಿತು. ಆ ಜಾಗದಲ್ಲಿ "1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡಳು" ಅಂತ ಬರೆದೆ. ಬರೆದು ನೋಡಿದರೆ ಸರಿಯಾಗಿಯೇ ಇದೆ. ಪ್ರೂಫಿನ ಕೆಲಸಕ್ಕೆ ಈಗ ತೂಕ ಬಂದಿದೆ. ಸಂಪಾದಕರನ್ನು ಒಪ್ಪಿಸಬಲ್ಲೆ.

ಆದರೆ ದೊಡ್ಡಮ್ಮ ಓದುತ್ತಾರೆ. ಪತ್ರಿಕೆ ಬಂದ ಕೂಡಲೇ ಮಹಿಳೆಯರ ಪುಟ ತೆಗೆದು, ಹೊಗೆಸೊಪ್ಪಿನ ಕಂದು ಹತ್ತಿದ ತೋರುಬೆರಳನ್ನು ಅಕ್ಷರದ ಕೆಳಗೆ ಇಟ್ಟು, ತುಟಿ ಆಡಿಸುತ್ತಾ, ಒಂದು ಪುಟಕ್ಕೆ ಅರ್ಧ ಗಂಟೆ. ಆ ಬೆರಳು ಈ ಸಾಲಿಗೆ ಬರುತ್ತದೆ. ನಾನು ಸುಳ್ಳು ಹೇಳಿದ್ದು ಗೊತ್ತಾಗುತ್ತದೆ, ಅದು ಹೋಗಲಿ, ಬೈದರೆ ಬೈಸಿಕೊಳ್ಳುತ್ತೇನೆ. ನಾಳೆ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ ನಾನೇ ಹೇಳಿಬಿಡಬಹುದು. ನಾಳೆ ರಾತ್ರಿ ಹೇಗೂ ಭಾನುವಾರದ ಫೋನ್. ಅದು ಬಂದ ಮೇಲೆ ಹೇಳುವುದು ಒಳ್ಳೆಯದಾ? ಸೋಮವಾರ ಬೆಳಿಗ್ಗೆ ಹೋಗಿ, ಹೋದ ಹಾಗೇ ಕಳಿಸಿ

ಕಿಟಕಿಯಿಂದ ಕೆಳಗಿನ ಮನೆ ಕಾಣುತ್ತದೆ. ಜಗಲಿಯ ಬಲ್ಬು ಇನ್ನೂ ಉರಿಯುತ್ತಿದೆ. ನನ್ನ ಗಡಿಯಾರದಲ್ಲಿ ಹನ್ನೊಂದು. ಅಂದರೆ ಕುವೈಟಿನಲ್ಲಿ ಎಂಟೂವರೆ. ಅಲ್ಲಿ ರಾತ್ರಿ ಊಟದ ಪಾತ್ರೆ ತೊಳೆದು ಆಗುವಾಗ ಎಷ್ಟು ಗಂಟೆಯಾಗುತ್ತದೋ.